ಎಣ್ಣೆಗಿಂತ ಮೊದಲು ಬ್ರಶ್: ಹೊಲಿಗೆ ಮಷೀನ್ ಬಗ್ಗೆ ಓದುಗರ ಪ್ರಶ್ನೆಗಳು

ಮನೆಯ ಹೊಲಿಗೆ ಮಷೀನನ್ನು ಸ್ವಚ್ಛ ಮಾಡುವುದು, ಎಣ್ಣೆ ಹಾಕುವುದು ಇವುಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದಿದ್ದೆವು. ಬಂದ ಪತ್ರಗಳಲ್ಲಿ ಮತ್ತೆ ಮತ್ತೆ ಕಂಡದ್ದು ಒಂದೇ ತಪ್ಪು: ಧೂಳು ತೆಗೆಯದೆ ಅದರ ಮೇಲೇ ಎಣ್ಣೆ ಹಾಕುವುದು. ನೂಲಿನ ಧೂಳು ಎಣ್ಣೆ ಕುಡಿದರೆ ಕಣಕದ ಹಾಗೆ ಮುದ್ದೆಯಾಗುತ್ತದೆ. ಆ ಮುದ್ದೆ ಒಣಗಿದರೆ ಗಟ್ಟಿ ಪದರ. ಹಾಗಾಗಿ ಕೆಳಗಿನ ಯಾವ ಉತ್ತರ ಓದಿದರೂ ಮೊದಲು ಬ್ರಶ್, ಆಮೇಲೆ ಎಣ್ಣೆ ಎಂದೇ ಓದಿಕೊಳ್ಳಿ.

ಪ್ರಶ್ನೆ: ನಮ್ಮ ಮನ್ಯಾಗ ಅವ್ವನ ಕಾಲದ ಕರಿ ಮಷೀನ ಐತ್ರಿ, ಕಾಲಿಲೆ ತುಳಿಯೂದು. ದೀಪಾವಳಿ ಮುಂದ ಗಾಲಿ ಕಿರ್ ಅನ್ನಾಕತ್ತಿತ್ತು ಅಂತ ಮನ್ಯಾಗಿದ್ದ ಕೊಬ್ಬರಿ ಎಣ್ಣಿ ಹಾಕಿದ್ವಿ. ಹದಿನೈದು ದಿನ ಭಾಳ ಛಲೋ ನಡೀತು. ಈಗ ಗಾಲಿ ತಿರುಗವಲ್ದು, ಎರಡೂ ಕಾಲಿಲೆ ತುಳದ್ರೂ ಬೆಲ್ಟ್ ಅಷ್ಟ ಜಾರತೈತಿ. ಎಲ್ಲಾ ಬಿಚ್ಚಬೇಕಾಗತೈತಿ ಅಂತ ರಿಪೇರಿಯವ್ರು ಹೇಳ್ಯಾರ. ಮನ್ಯಾಗ ಏನರ ಮಾಡಾಕ ಬರತೈತೇನ್ರಿ?
(ಮುಧೋಳದ ಓದುಗರೊಬ್ಬರು)

ಉತ್ತರ: ಬರುತ್ತದೆ. ಎಲ್ಲವನ್ನೂ ಬಿಚ್ಚುವ ಅಗತ್ಯ ಬಹಳ ಸಲ ಇರುವುದಿಲ್ಲ, ತಾಳ್ಮೆ ಮಾತ್ರ ಎರಡು ದಿನದ್ದು ಬೇಕು.

ಆದದ್ದು ಇಷ್ಟು. ಕೊಬ್ಬರಿ ಎಣ್ಣೆ ಸುಮಾರು 24–25 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ದೀಪಾವಳಿ ಕಳೆದು ಚಳಿ ಬಿದ್ದ ಮೇಲೆ ನಮ್ಮ ಕಡೆ ರಾತ್ರಿ ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ. ಬಚ್ಚಲಲ್ಲಿ ಎಣ್ಣೆ ಬಾಟಲಿ ಬೆಳ್ಳಗೆ ಗಟ್ಟಿಯಾದಂತೆ ಮಷೀನಿನೊಳಗಿನ ಸಂದಿಯಲ್ಲೂ ಅದು ಗಟ್ಟಿಯಾಗಿದೆ. ಬೇಸಿಗೆಯಲ್ಲಿ ಕರಗಿದರೂ ತೊಂದರೆ ಮುಗಿಯುವುದಿಲ್ಲ. ಯಾವ ಅಡುಗೆ ಎಣ್ಣೆಯೂ ಗಾಳಿ ತಾಗಿ ತಾಗಿ ಕೊನೆಗೆ ಅಂಟಾಗುತ್ತದೆ. ನಮ್ಮ ಜಿಲ್ಲೆಗಳಲ್ಲಿ ಮನೆ ಮನೆಯಲ್ಲಿರುವ ಕುಸುಬಿ ಎಣ್ಣೆ ಈ ವಿಷಯದಲ್ಲಿ ಇನ್ನೂ ಕೆಟ್ಟದ್ದು. ತೆಳ್ಳಗೆ ಹರಡಿದರೆ ಒಣಗಿ ಪೊರೆ ಕಟ್ಟುವ ಗುಣ ಅದಕ್ಕಿದೆ. ಅಗಸಿ ಎಣ್ಣೆಯಂತೆ ಅದನ್ನೂ ಪೇಂಟ್ ತಯಾರಿಕೆಯಲ್ಲಿ ಬಳಸುವುದು ಇದೇ ಗುಣಕ್ಕಾಗಿ. ಊಟಕ್ಕೆ ಒಳ್ಳೆಯದು, ಮಷೀನಿಗೆ ವಿಷ.

ಮೊದಲು ಜಡ ಎಲ್ಲಿದೆ ಎಂದು ಪತ್ತೆ ಹಚ್ಚಿ. ಬೆಲ್ಟನ್ನು ಗಾಲಿಯಿಂದ ಕೆಳಗಿಳಿಸಿ. ಮೇಲಿನ ಗಾಲಿಯ ನಡುವೆ ಬಾಬಿನ್‌ಗೆ (ಕೆಳಗಿನ ದಾರದ ಉರುಳೆ) ದಾರ ಸುತ್ತುವಾಗ ಸಡಿಲಿಸುವ ದೊಡ್ಡ ತಿರುಪು ಇದೆಯಲ್ಲ, ಅದನ್ನು ಸಡಿಲಿಸಿ ಗಾಲಿಯೊಂದನ್ನೇ ತಿರುಗಿಸಿ ನೋಡಿ. ಗಾಲಿ ಹಗುರವಾಗಿ ತಿರುಗಿದರೆ ಜಡ ಒಳಗಿನ ಅಚ್ಚಿನಲ್ಲೋ ಕೆಳಗೆ ಬಾಬಿನ್ ಕೇಸನ್ನು ಹೊತ್ತಿರುವ ಶಟಲ್‌ನಲ್ಲೋ ಇದೆ. ಗಾಲಿಯೇ ಅಲುಗದಿದ್ದರೆ ಅದರ ನಡುವಿನ ರಂಧ್ರವೇ ಅಂಟಿದೆ. ಶಟಲ್‌ನ ಅನುಮಾನವನ್ನೂ ಬೇಗ ತೀರಿಸಿಕೊಳ್ಳಬಹುದು. ಶಟಲ್ ಹೊರಗೆ ತೆಗೆದ ಮೇಲೆ ಮಷೀನ್ ಹಗುರವಾದರೆ ಅಲ್ಲಿ ದಾರದ ತುಂಡು ಸಿಕ್ಕಿಕೊಂಡಿರಬಹುದು. ಎಷ್ಟೋ ಸಲ ಇಷ್ಟಕ್ಕೇ ಕೆಲಸ ಮುಗಿಯುತ್ತದೆ.

ಒಳಗೇ ಅಂಟಿದ್ದರೆ ಚಿಮಣಿ ಎಣ್ಣೆ (ಸೀಮೆಎಣ್ಣೆ) ಬೇಕು, ಒಂದು ಟೀ ಕಪ್ಪಿನ ಕಾಲು ಭಾಗ ಸಾಕು. ಒಲೆ, ದೀಪ, ಊದಿನಕಡ್ಡಿ ಯಾವುದೂ ಇಲ್ಲದ ಕಡೆ, ಕಿಟಕಿ ತೆರೆದಿಟ್ಟು ಕೆಲಸ ಮಾಡಿ. ಸೂಜಿ, ಬಟ್ಟೆಯನ್ನು ಒತ್ತಿ ಹಿಡಿಯುವ ಫೂಟ್, ಬಾಬಿನ್ ಕೇಸ್ ತೆಗೆದಿಡಿ. ಮಷೀನಿನ ಕೆಳಗೆ ಹಳೆ ಪೇಪರ್ ಹಾಸಿ. ಎಣ್ಣೆ ಹಾಕುವ ಪ್ರತಿ ರಂಧ್ರಕ್ಕೂ, ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಪ್ರತಿ ಜಾಗಕ್ಕೂ 2–3 ಹನಿ ಚಿಮಣಿ ಎಣ್ಣೆ ಬಿಟ್ಟು ಅರ್ಧ ತಾಸು ಹಾಗೇ ಬಿಡಿ. ಆಮೇಲೆ ಗಾಲಿಯನ್ನು ಕೈಯಿಂದ ಹಿಂದೆ ಮುಂದೆ ಒಂದೊಂದೇ ಇಂಚು ಅಲುಗಿಸಿ. ಇಕ್ಕಳ ಹಾಕಿ ತಿರುಗಿಸಬೇಡಿ, ಸುತ್ತಿಗೆ ಹತ್ತಿರಕ್ಕೂ ತರಬೇಡಿ. ಅಲುಗದಿದ್ದರೆ ಮತ್ತೆ ಹನಿ ಬಿಟ್ಟು ರಾತ್ರಿಯಿಡೀ ನೆನೆಯಲಿ. ಬೆಳಿಗ್ಗೆ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಪೂರ್ತಿ ಸುತ್ತು ಬರತೊಡಗಿದ ಮೇಲೆ 20–30 ಸುತ್ತು ತಿರುಗಿಸಿ. ಸಂದಿಗಳಿಂದ ಬೆಲ್ಲದ ಪಾಕದ ಬಣ್ಣದ ನೀರು ಇಳಿಯುತ್ತದೆ, ಅದೇ ಹಳೆ ಎಣ್ಣೆ. ಒರೆಸಿ, ಮತ್ತೆ ಹನಿ ಬಿಟ್ಟು, ಮತ್ತೆ ತಿರುಗಿಸಿ. ಇಳಿಯುವುದು ತಿಳಿಯಾಗುವ ತನಕ ಇದೇ ಕೆಲಸ.

ಇಲ್ಲಿಗೆ ನಿಲ್ಲಿಸಿದರೆ ಮಷೀನ್ ಹಾಳಾಗುತ್ತದೆ. ಚಿಮಣಿ ಎಣ್ಣೆ ಜಿಡ್ಡನ್ನು ತೊಳೆಯುತ್ತದೆಯೇ ಹೊರತು ಅದು ಕೀಲು ಜಾರಿಸುವ ಎಣ್ಣೆ ಅಲ್ಲ. ಅದು ಆರಿದ ಮೇಲೆ ಕಬ್ಬಿಣ ಬರಿದಾಗಿ ಒಂದಕ್ಕೊಂದು ತಿನ್ನುತ್ತದೆ. ಅದೇ ದಿನ ಎಲ್ಲ ಜಾಗಕ್ಕೂ ಮಷೀನ್ ಎಣ್ಣೆ 2 ಹನಿ ಹಾಕಿ ತಿರುಗಿಸಿ ಒರೆಸಿ. ಮರುದಿನ ಇನ್ನೊಂದು ಸಲ ಒಂದೊಂದು ಹನಿ. ಬೆಲ್ಟ್ ಹಾಕದೆ, ದಾರ ಪೋಣಿಸದೆ, ಗಾಲಿ ಒಂದೇ ಬೆರಳಿಗೆ ತಿರುಗಿತೆಂದರೆ ಕೆಲಸ ಸರಿಯಾಗಿದೆ.

ಚಿಮಣಿ ಎಣ್ಣೆ ಸಿಗದಿದ್ದರೆ ಮಷೀನ್ ಎಣ್ಣೆಯನ್ನೇ ಧಾರಾಳವಾಗಿ ಹಾಕಿ, ಕೂದಲು ಒಣಗಿಸುವ ಡ್ರೈಯರ್‌ನಿಂದ ಕಬ್ಬಿಣ ಕೈಗೆ ಬೆಚ್ಚಗಾಗುವಷ್ಟು ಗಾಳಿ ಕೊಡಿ. ಅಂಟು ಸಡಿಲವಾಗುತ್ತದೆ. ಚಿಮಣಿ ಎಣ್ಣೆ ಹಾಕಿದ ಮಷೀನಿಗೆ ಮಾತ್ರ ಎಂದೂ ಬಿಸಿ ಗಾಳಿ ತೋರಿಸಬೇಡಿ, ಬೆಂಕಿ ಹತ್ತೀತು. ಪೆಟ್ರೋಲ್ ಅಂತೂ ಬೇಡವೇ ಬೇಡ.

ಪ್ರಶ್ನೆ: ಹೊಸದಾಗಿ ಹೊಲಿಗೆ ಕಲಿತು ಮಷೀನ್ ತೆಗೆದುಕೊಂಡಿದ್ದೇನೆ. ದಿನಕ್ಕೆ ಒಂದೆರಡು ತಾಸು ಹೊಲಿಯುತ್ತೇನೆ. ಎಲ್ಲೆಲ್ಲಿ ಎಣ್ಣೆ ಹಾಕಬೇಕು, ಎಷ್ಟು, ಎಷ್ಟು ದಿನಕ್ಕೊಮ್ಮೆ? ಪಕ್ಕದ ಮನೆಯವರು ತಿಂಗಳಿಗೊಮ್ಮೆ ಒಂದು ಬಾಟಲಿ ಸುರಿಯುತ್ತಾರೆ.
(ವಿಜಯಪುರದ ಓದುಗರೊಬ್ಬರು)

ಉತ್ತರ: ಒಂದು ಬಾಟಲಿ ಎಂದರೆ ಬಹಳ ಸಲ 100 ಮಿಲಿ. ಕಾಲಿನಿಂದ ತುಳಿಯುವ ಸಾಮಾನ್ಯ ಮಷೀನಿಗೆ ಹೆಚ್ಚೆಂದರೆ ಮೂವತ್ತು ಕಡೆ ಒಂದೊಂದು ಹನಿ ಬೇಕು. ಸುಮಾರು 20 ಹನಿಗೆ 1 ಮಿಲಿ ಎಂದು ಲೆಕ್ಕ ಹಿಡಿದರೆ ಒಂದು ಸಲಕ್ಕೆ ಒಂದೂವರೆ ಮಿಲಿ. ಆ ಬಾಟಲಿ ಅರವತ್ತಕ್ಕೂ ಹೆಚ್ಚು ಸಲಕ್ಕೆ ಬರಬೇಕು. ಸುರಿದ ಎಣ್ಣೆ ಕೆಲಸ ಮಾಡುವುದಿಲ್ಲ. ಅದು ಹರಿದು ಬಟ್ಟೆಗೆ ತಾಗುತ್ತದೆ, ಬೆಲ್ಟಿಗೆ ತಾಗಿ ಜಾರಿಸುತ್ತದೆ, ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ. ವಿಜಯಪುರದ ಬೇಸಿಗೆ ಗಾಳಿಯ ಎರೆ ಮಣ್ಣಿನ ಧೂಳು ಸಣ್ಣ ಹಿಟ್ಟಿನಂಥದ್ದು. ಹೆಚ್ಚಾದ ಎಣ್ಣೆಯ ಜೊತೆ ಸೇರಿದರೆ ಅರೆಯುವ ಪುಡಿಯಂತೆ ಕಬ್ಬಿಣವನ್ನು ಸವೆಸುತ್ತದೆ.

ಎಣ್ಣೆ ನೀರಿನಂತೆ ತಿಳಿಯಾಗಿ, ತೆಳ್ಳಗೆ, ವಾಸನೆಯಿಲ್ಲದೆ ಇರಬೇಕು. ಹಳದಿ ತಿರುಗಿದ್ದನ್ನು, ಬೈಕಿನ ಎಂಜಿನ್ ಎಣ್ಣೆಯನ್ನು ಹಾಕಬೇಡಿ. ಎಂಜಿನ್ ಎಣ್ಣೆ ದಪ್ಪ, ಬಿಸಿ ಎಂಜಿನ್‌ಗೆಂದೇ ಮಾಡಿದ್ದು. ಬಾಟಲಿಯ ಮೂತಿಯಿಂದ ಒತ್ತಿದರೆ ಹನಿ ದೊಡ್ಡದಾಗುತ್ತದೆ. ಔಷಧಿ ಅಂಗಡಿಯ ಸಿರಿಂಜ್ ಅಥವಾ ಡ್ರಾಪರ್ ಇಟ್ಟುಕೊಂಡರೆ ಲೆಕ್ಕ ಸಿಗುತ್ತದೆ.

ಈಗ ಜಾಗಗಳು. ಗಾಲಿಯ ಕಡೆಯಿಂದ ಸೂಜಿಯ ಕಡೆಗೆ ಹೋಗಿ, ಮರೆತು ಹೋಗುವುದಿಲ್ಲ. ಗಾಲಿಯ ಪಕ್ಕದ ರಂಧ್ರಕ್ಕೊಂದು ಹನಿ. ಮೇಲಿನ ತೋಳಿನ ಬೆನ್ನ ಮೇಲೆ ಎರಡು ಮೂರು ಸಣ್ಣ ರಂಧ್ರಗಳಿವೆ, ಅವಕ್ಕೆ ಒಂದೊಂದು. ಅವುಗಳಲ್ಲಿ ಧೂಳು ಮುಚ್ಚಿಕೊಂಡಿದ್ದರೆ ಮೊದಲು ಹಲ್ಲುಕಡ್ಡಿಯಿಂದ ತೆಗೆಯಿರಿ, ಒಳಗೆ ನೂಕಬೇಡಿ. ಕಂಬದ ಹಿಂಬದಿಯ ದುಂಡನೆಯ ತಗಡನ್ನು ಸರಿಸಿ ಒಳಗೆ ನೋಡುತ್ತಾ ಗಾಲಿ ತಿರುಗಿಸಿ. ಓಡಾಡುವ ಕೀಲುಗಳು ಕಾಣುತ್ತವೆ, ಪ್ರತಿ ಕೀಲಿಗೂ ಒಂದು. ಸೂಜಿಯ ಕಡೆಯ ಮುಖದ ತಗಡು ಬಿಚ್ಚಿದರೆ ಸೂಜಿ ಹಿಡಿದ ಕಡ್ಡಿ, ಫೂಟ್ ಹಿಡಿದ ಕಡ್ಡಿ, ದಾರ ಎಳೆಯುವ ಕೊಕ್ಕೆಯ ಕೀಲು ಸಿಗುತ್ತವೆ. ಇಲ್ಲಿ ಒಂದೊಂದೇ ಹನಿ, ಆಮೇಲೆ ಒರೆಸಲೇಬೇಕು, ಏಕೆಂದರೆ ಇಲ್ಲಿ ಮಿಕ್ಕಿದ್ದು ನೇರವಾಗಿ ಸೂಜಿಯಿಂದ ಬಟ್ಟೆಗೆ ಇಳಿಯುತ್ತದೆ.

ಆಮೇಲೆ ಮಷೀನನ್ನು ಹಿಂದಕ್ಕೆ ಮಲಗಿಸಿ. ಕೆಳಗೆ ಎರಡು ಉದ್ದನೆಯ ಅಚ್ಚುಗಳಿವೆ. ಅವುಗಳ ಎರಡೂ ತುದಿಯ ಮೊನೆಗಳಿಗೆ, ಬಟ್ಟೆಯನ್ನು ಮುಂದಕ್ಕೆ ಸರಿಸುವ ಹಲ್ಲನ್ನು ಎತ್ತಿಳಿಸುವ ಕೀಲುಗಳಿಗೆ ಒಂದೊಂದು. ಕೆಲವರು ಮೇಲಿನ ಭಾಗಕ್ಕಷ್ಟೇ ಎಣ್ಣೆ ಹಾಕಿ ಇದನ್ನು ಮರೆಯುತ್ತಾರೆ. ಮೊದಲು ಸವೆಯುವುದು ಇದೇ.

ಎಲ್ಲಕ್ಕಿಂತ ಹಸಿದಿರುವುದು ಶಟಲ್. ಇಂಥ ಮಷೀನಿನಲ್ಲಿ ಶಟಲ್ ಪೂರ್ತಿ ಸುತ್ತುವುದಿಲ್ಲ. ಒಂದೊಂದು ಹೊಲಿಗೆಗೂ ತೊಟ್ಟಿಲಿನಂತೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಹೋಗಿ ಬರುತ್ತದೆ. ನಿಮಿಷಕ್ಕೆ 500 ಹೊಲಿಗೆ ಬಿದ್ದರೆ 500 ಸಲ ಉಯ್ಯಾಲೆ, ಅದೂ ಕಬ್ಬಿಣದ ಹಳ್ಳದಲ್ಲಿ ಕಬ್ಬಿಣ. ಆ ಹಳ್ಳಕ್ಕೆ ಒಂದು ಹನಿ, ದಿನಾ ಹೊಲಿಯುವವರಾದರೆ ದಿನಾ ಬೆಳಿಗ್ಗೆ. ಬಾಬಿನ್ ಕೇಸಿಗೆ ಮಾತ್ರ ಎಣ್ಣೆ ಬೇಡ.

ಸ್ಟ್ಯಾಂಡನ್ನು ಮರೆಯಬೇಡಿ. ತುಳಿಯುವ ಹಲಗೆಯ ಎರಡು ಕೀಲು, ದೊಡ್ಡ ಗಾಲಿಯ ನಡು, ಎರಡನ್ನೂ ಸೇರಿಸುವ ಉದ್ದ ಸಲಾಕೆಯ ಮೇಲಿನ ಮತ್ತು ಕೆಳಗಿನ ತುದಿ. ‘ಮಷೀನ್ ಕಿರುಗುಟ್ಟುತ್ತದೆ’ ಎಂಬ ದೂರು ಎಷ್ಟೋ ಸಲ ಮಷೀನಿನದೇ ಅಲ್ಲ, ಈ ಸಲಾಕೆಯದು.

ಎಣ್ಣೆ ತಾಗಬಾರದ ಜಾಗಗಳು: ಮೇಲಿನ ದಾರವನ್ನು ಬಿಗಿ ಹಿಡಿಯುವ ಟೆನ್ಶನ್ ತಟ್ಟೆಗಳು, ಬೆಲ್ಟ್, ಬಾಬಿನ್ ಸುತ್ತುವ ರಬ್ಬರ್ ಉಂಗುರ, ಮೋಟಾರಿನ ಒಳಗೆ, ಕಾಲಿನ ಸ್ವಿಚ್.

ಎಣ್ಣೆ ಹಾಕಿದ ಮೇಲೆ ಫೂಟ್ ಮೇಲೆತ್ತಿಯೇ ಎರಡು ನಿಮಿಷ ನಿಧಾನ ತುಳಿಯಿರಿ. ಬಟ್ಟೆಯಿಲ್ಲದೆ ಫೂಟ್ ಇಳಿಸಿ ಓಡಿಸಿದರೆ ಹಲ್ಲು ನೇರವಾಗಿ ಫೂಟನ್ನು ಉಜ್ಜಿ ಎರಡೂ ಸವೆಯುತ್ತವೆ. ಆಮೇಲೆ ದಾರವಿಲ್ಲದೆ ಹಳೆ ಹತ್ತಿ ಬಟ್ಟೆಯ ಮೇಲೆ ಸೂಜಿ ಓಡಿಸಿ, ಕಲೆ ಬೀಳುವುದು ನಿಲ್ಲುವ ತನಕ.

ಎಷ್ಟು ದಿನಕ್ಕೊಮ್ಮೆ? ನಿಮ್ಮಂತೆ ಒಂದೆರಡು ತಾಸು ಹೊಲಿದರೆ ಪೂರ್ತಿ ಎಣ್ಣೆ ವಾರಕ್ಕೊಮ್ಮೆ. ಬೆಳಗಿನಿಂದ ಸಂಜೆ ತನಕ ಅಂಗಡಿಯಲ್ಲಿ ಹೊಲಿಯುವವರಿಗೆ ದಿನಾ. ತಿಂಗಳಿಗೊಂದು ಜಂಪರ್ ಹೊಲಿಯುವವರು ಹೊಲಿಯುವ ಮೊದಲು ಒಮ್ಮೆ ಹಾಕಿದರೆ ಸಾಕು.

ಪ್ರಶ್ನೆ: ಹಳೆ ಸೀರೆಗಳ ಕೌದಿಯನ್ನು ಮಷೀನಿನಲ್ಲೇ ಹೊಲಿಯುತ್ತೇನೆ. ಎರಡು ಕೌದಿ ಆದ ಮೇಲೆ ಬಟ್ಟೆ ಮುಂದಕ್ಕೆ ಸರಿಯುವುದೇ ಇಲ್ಲ, ಹೊಲಿಗೆ ಒಂದೇ ಕಡೆ ಗಂಟು ಬೀಳುತ್ತದೆ. ಹಲ್ಲು ಸವೆದಿದೆ, ಬದಲಿಸಿ ಎನ್ನುತ್ತಾರೆ.
(ಅಥಣಿಯ ಓದುಗರೊಬ್ಬರು)

ಉತ್ತರ: ಹಲ್ಲು ಬದಲಿಸುವ ಮೊದಲು ಹಲ್ಲಿನ ಕೆಳಗೆ ನೋಡಿ. ಸೂಜಿಯನ್ನು ಪೂರ್ತಿ ಮೇಲೆ ತಂದು, ಸೂಜಿ ಮತ್ತು ಫೂಟ್ ತೆಗೆದು, ಸೂಜಿ ತಟ್ಟೆಯ ಎರಡು ತಿರುಪು ಬಿಚ್ಚಿ. ತಿರುಪಿನ ಗೀರಿಗೆ ಸರಿಯಾಗಿ ಕೂರುವ ಅಗಲದ, ಗಿಡ್ಡ ಹಿಡಿಯ ಸ್ಕ್ರೂಡ್ರೈವರ್ ಇರಲಿ. ಸಣ್ಣದು ಹಾಕಿದರೆ ಗೀರು ಹಾಳಾಗಿ ಮುಂದೆ ಬಿಚ್ಚಲು ಬರುವುದಿಲ್ಲ.

ತಟ್ಟೆ ಎತ್ತಿದರೆ ಹಲ್ಲಿನ ಸಾಲುಗಳ ನಡುವೆ, ಕೆಳಗೆ, ಬೂದು ಬಣ್ಣದ ಪದರ ಕಾಣುತ್ತದೆ. ಮುಟ್ಟಿ ನೋಡಿ, ಧೂಳಿನಂತೆ ಉದುರುವುದಿಲ್ಲ. ಕಂಬಳಿ ತುಂಡಿನಂತೆ ಬಿಗಿಯಾಗಿ ಒತ್ತಿಕೊಂಡಿರುತ್ತದೆ, ಚಿಮಟದಿಂದ ಎತ್ತಿದರೆ ಹಲ್ಲಿನ ಅಚ್ಚು ಮೂಡಿರುವ ಪಟ್ಟಿಯೇ ಇಡಿಯಾಗಿ ಬರುತ್ತದೆ. ಸೀರೆ ಹಳೆಯದಾದಷ್ಟೂ ನೂಲು ಹೆಚ್ಚು ಉದುರುತ್ತದೆ. ಪ್ರತಿ ಹೊಲಿಗೆಗೂ ಹಲ್ಲು ಅದನ್ನು ಸ್ವಲ್ಪ ಸ್ವಲ್ಪವೇ ತುಳಿದು ಬಿಗಿ ಮಾಡಿದೆ. ಹಲ್ಲು ಒಂದು ಮಿಲಿಮೀಟರಿನಷ್ಟು ತಟ್ಟೆಯ ಮೇಲೆ ಎದ್ದರೆ ಮಾತ್ರ ಬಟ್ಟೆ ಸರಿಯುತ್ತದೆ. ಕೆಳಗೆ ಈ ಪಟ್ಟಿ ಕೂತರೆ ತಟ್ಟೆಯೂ ಹಲ್ಲೂ ತಮ್ಮ ಜಾಗದಲ್ಲಿ ಇರುವುದಿಲ್ಲ.

ಹಲ್ಲುಕಡ್ಡಿ ಅಥವಾ ಬಿದಿರಿನ ಕಡ್ಡಿಯಿಂದ ಎಬ್ಬಿಸಿ, ಗಟ್ಟಿ ಕೂದಲಿನ ಹಳೆ ಟೂತ್‌ಬ್ರಶ್‌ನಿಂದ ನಿಮ್ಮ ಕಡೆಗೆ ಎಳೆದು ತೆಗೆಯಿರಿ. ಬಾಯಿಂದ ಊದಬೇಡಿ: ಉಸಿರಿನ ತೇವ ಕಬ್ಬಿಣಕ್ಕೆ ತಾಗುತ್ತದೆ, ಧೂಳು ಇನ್ನೂ ಒಳಗೆ ಹೋಗುತ್ತದೆ. ಪಂಕ್ಚರ್ ಅಂಗಡಿಯ ಗಾಳಿಗೂ ಇದೇ ಮಾತು. ಹಲ್ಲಿಗೆ ಎಣ್ಣೆ ಬೇಡ, ಅದನ್ನು ಎತ್ತುವ ಕೆಳಗಿನ ಕೀಲಿಗೆ ಮಾತ್ರ.

ಜೊತೆಗೆ ಶಟಲನ್ನೂ ತೆಗೆದು ಸ್ವಚ್ಛ ಮಾಡಿ. ಬಾಬಿನ್ ಕೇಸ್ ಎಳೆದ ಮೇಲೆ ಹಳ್ಳದ ಎರಡು ಬದಿಯ ಸಣ್ಣ ಚಿಲಕಗಳನ್ನು ಹೊರಕ್ಕೆ ತಿರುಗಿಸಿದರೆ ಮುಚ್ಚಳದ ಉಂಗುರ ಬರುತ್ತದೆ, ಅದರ ಹಿಂದೆ ನಡುವಿನ ಕಡ್ಡಿ ಹಿಡಿದು ಶಟಲ್ ತೆಗೆಯಬಹುದು. ಕೆಲವು ಹಳೆ ಮಾದರಿಗಳಲ್ಲಿ ಚಿಲಕದ ಬದಲು ತಿರುಪು ಇರುತ್ತವೆ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಮರಳಿ ಕೂರಿಸುವಾಗ ಒಂದು ಗುರುತು ನೆನಪಿಡಿ: ಒಳಗೆ ಶಟಲನ್ನು ತಳ್ಳುವ ತುಂಡು ಅರ್ಧ ಚಂದ್ರ, ಶಟಲ್ ಇನ್ನರ್ಧ ಚಂದ್ರ. ಎರಡೂ ಸೇರಿ ಪೂರ್ಣ ಚಂದ್ರವಾದರೆ ಸರಿಯಾಗಿ ಕೂತಿದೆ. ಸೇರದಿದ್ದರೆ ಒತ್ತಿ ಕೂರಿಸಬೇಡಿ, ಗಾಲಿ ಸ್ವಲ್ಪ ತಿರುಗಿಸಿ ಮತ್ತೆ ಇಡಿ.

ಕೌದಿಗೆ ಸೂಜಿ 16 ಅಥವಾ 18 ನಂಬರ್. ಒಂದೊಂದು ಕೌದಿ ಮುಗಿದ ಮೇಲೆ ತಟ್ಟೆ ಬಿಚ್ಚಿ ಗುಡಿಸುವುದನ್ನು ರೂಢಿ ಮಾಡಿಕೊಳ್ಳಿ. ಇಷ್ಟಾದ ಮೇಲೂ ಬಟ್ಟೆ ಸರಿಯದಿದ್ದರೆ, ಹಲ್ಲಿನ ತುದಿಯನ್ನು ಬೆರಳಿನಿಂದ ಸವರಿ. ಚೂಪು ಇಲ್ಲದೆ ನುಣ್ಣಗಿದ್ದರೆ ಆಗ ಬದಲಿಸಿ.

ಪ್ರಶ್ನೆ: ಬಟ್ಟೆಯ ಕೆಳಭಾಗದಲ್ಲಿ ದಾರ ಗೊಂಚಲು ಗೊಂಚಲಾಗಿ ನಿಲ್ಲುತ್ತದೆ. ಬಾಬಿನ್ ಕೇಸ್ ಎರಡು ಸಲ ಬದಲಿಸಿದೆ, ಅದೇ ಕಥೆ. ಎಣ್ಣೆ ಕಡಿಮೆಯಾಗಿದೆಯೇ?
(ಬಾಗಲಕೋಟೆ ನವನಗರದ ಓದುಗರೊಬ್ಬರು)

ಉತ್ತರ: ಎಣ್ಣೆ ಕಡಿಮೆಯಾಗಿಲ್ಲ, ಬಾಬಿನ್ ಕೇಸಿನ ತಪ್ಪೂ ಅಲ್ಲ. ಗೊಂಚಲು ಕೆಳಗೆ ಕಾಣುತ್ತದೆ ಎಂದು ಎಲ್ಲರೂ ಕೆಳಗೇ ಹುಡುಕುತ್ತಾರೆ. ಕೆಳಗೆ ನಿಂತದ್ದು ಮೇಲಿನ ದಾರ. ಮೇಲೆ ಬಿಗಿ ಸಾಲದೆ ಅದು ಬೇಕಾಬಿಟ್ಟಿ ಇಳಿದಿದೆ.

ಟೆನ್ಶನ್ ತಟ್ಟೆಗಳ ನಡುವೆ ನೂಲಿನ ಧೂಳು ಅಥವಾ ದಾರದ ತುಂಡು ಕೂತರೆ ತಟ್ಟೆಗಳು ಮುಚ್ಚುವುದಿಲ್ಲ, ತಿರುಪನ್ನು ಎಷ್ಟು ಬಿಗಿ ಮಾಡಿದರೂ ದಾರ ಸಡಿಲ. ಫೂಟ್ ಮೇಲೆತ್ತಿ, ಆಗ ತಟ್ಟೆಗಳು ಬಾಯಿ ಬಿಡುತ್ತವೆ. ಅಂಚು ಹೊಲಿದ ತೆಳು ಹತ್ತಿ ಬಟ್ಟೆಯ ಪಟ್ಟಿಯನ್ನು ನಡುವೆ ಹಾಕಿ ಹಲ್ಲುಜ್ಜಿದಂತೆ ನಾಲ್ಕಾರು ಸಲ ಎಳೆಯಿರಿ. ಬಟ್ಟೆಗೆ ಕಪ್ಪು ಗೆರೆ ಬಂದರೆ ಯಾರೋ ಅಲ್ಲಿಗೂ ಎಣ್ಣೆ ಹಾಕಿದ್ದಾರೆ. ಅಂಥ ತಟ್ಟೆಯನ್ನು ಗೆರೆ ಬರದಂತಾಗುವ ತನಕ ಒಣ ಬಟ್ಟೆಯಿಂದ ಎಳೆಯುತ್ತಿರಬೇಕು. ದಾರ ಪೋಣಿಸುವಾಗಲೂ ಫೂಟ್ ಮೇಲೇ ಇರಲಿ. ಇಳಿಸಿ ಪೋಣಿಸಿದರೆ ದಾರ ತಟ್ಟೆಗಳ ನಡುವೆ ಹೋಗದೆ ಅಂಚಿನಲ್ಲೇ ಕೂರುತ್ತದೆ.

ಬಾಬಿನ್ ಕೇಸಿನ ಪರೀಕ್ಷೆ ಸುಲಭ. ಬಾಬಿನ್ ಹಾಕಿ, ದಾರದ ತುದಿ ಹಿಡಿದು ಗಾಳಿಯಲ್ಲಿ ತೂಗುಬಿಡಿ. ತಾನಾಗಿ ಇಳಿಯಬಾರದು, ಕೈಯನ್ನು ಸಣ್ಣಗೆ ಝಾಡಿಸಿದರೆ ಎರಡು ಬೆರಳಿನಷ್ಟು ಇಳಿದು ನಿಲ್ಲಬೇಕು. ಸರಸರ ಇಳಿದರೆ ಮೊದಲು ಕೇಸಿನ ಮೇಲೆ ದಾರ ಒತ್ತಿ ಹಿಡಿಯುವ ತಗಡಿನ ಪಟ್ಟಿಯ ಕೆಳಗೆ ಕೂತ ಧೂಳನ್ನು ಗಟ್ಟಿ ಕಾಗದದ ಮೂಲೆಯಿಂದ ತೆಗೆಯಿರಿ. ಗುಂಡುಸೂಜಿ ಹಾಕಬೇಡಿ, ಪಟ್ಟಿಗೆ ಗೀರು ಬಿದ್ದರೆ ದಾರ ಹರಿಯುತ್ತಲೇ ಇರುತ್ತದೆ. ಆಮೇಲೂ ಸಡಿಲವಿದ್ದರೆ ಮಾತ್ರ ಸಣ್ಣ ತಿರುಪನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ಕಾಲು ಸುತ್ತು. ಒಂದೇ ಸಲಕ್ಕೆ ಅದಕ್ಕಿಂತ ಹೆಚ್ಚು ಬೇಡ.

ಪ್ರಶ್ನೆ: ಮಳೆಗಾಲದಲ್ಲಿ ಸೂಜಿ ತಟ್ಟೆ, ಶಟಲ್ ಎಲ್ಲಕ್ಕೂ ಕೆಂಪು ಬರುತ್ತದೆ. ಪ್ಲಾಸ್ಟಿಕ್ ಹೊದಿಸಿ ಇಟ್ಟರೂ ತುಕ್ಕು. ಸ್ಯಾಂಡ್‌ಪೇಪರ್ ಹಾಕಿ ತಿಕ್ಕಬಹುದೇ?
(ಖಾನಾಪುರದ ಓದುಗರೊಬ್ಬರು)

ಉತ್ತರ: ಪ್ಲಾಸ್ಟಿಕ್ ಹೊದಿಸಿದ್ದರಿಂದಲೇ ಹೆಚ್ಚಾಗಿದೆ. ಒಳಗಿನ ತೇವ ಹೊರಗೆ ಹೋಗಲು ದಾರಿಯಿಲ್ಲದೆ ರಾತ್ರಿ ತಂಪಾದ ಕಬ್ಬಿಣದ ಮೇಲೆಯೇ ಕೂರುತ್ತದೆ. ಹತ್ತಿ ಬಟ್ಟೆಯ ಹೊದಿಕೆ ಹೊಲಿದುಕೊಳ್ಳಿ. ಮಷೀನನ್ನು ಗೋಡೆಗೆ ತಾಗಿಸಿ ಇಡಬೇಡಿ, ಒಂದು ಗೇಣು ಅಂತರ ಇರಲಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಹೊಲಿಗೆ ಮುಗಿದ ದಿನವೇ ಸೂಜಿ ತಟ್ಟೆ, ಸೂಜಿಯ ಕಡ್ಡಿ, ಶಟಲ್ ಹಳ್ಳ ಇವನ್ನು ಎಣ್ಣೆ ಹಚ್ಚಿದ ಬಟ್ಟೆಯಿಂದ ಒಮ್ಮೆ ಸವರಿಟ್ಟರೆ ಸಾಕು. ಮರುದಿನ ಹೊಲಿಯುವ ಮೊದಲು ಒರೆಸಿಬಿಡಿ.

ಸ್ಯಾಂಡ್‌ಪೇಪರ್ ಬೇಡ. ತುಕ್ಕು ಹೋಗುತ್ತದೆ, ಗೀರು ಉಳಿಯುತ್ತದೆ. ತಟ್ಟೆಯ ಗೀರಿಗೆ ರೇಷ್ಮೆ ಎಳೆ ಸಿಕ್ಕಿಕೊಳ್ಳುತ್ತದೆ, ಶಟಲಿನ ಗೀರಿಗೆ ಪ್ರತಿ ಹೊಲಿಗೆಯಲ್ಲೂ ದಾರ ಹರಿಯುತ್ತದೆ. ಮಷೀನ್ ಎಣ್ಣೆ ಹಚ್ಚಿ ಒಂದು ರಾತ್ರಿ ಬಿಟ್ಟು, ಒರಟು ಹತ್ತಿ ಬಟ್ಟೆಯಿಂದ ತಿಕ್ಕಿ. ಬಿಡದಿದ್ದರೆ ಹಿತ್ತಾಳೆ ಹೊಳಪಿಸುವ ಪಾಲಿಶ್ ಸ್ವಲ್ಪ ಹಾಕಿ ತಿಕ್ಕಿ, ಪೂರ್ತಿ ಒರೆಸಿ, ಮತ್ತೆ ಎಣ್ಣೆ. ಹೊಂಡ ಬಿದ್ದಿರುವ ಶಟಲ್ ಉಳಿಯುವುದಿಲ್ಲ, ಹೊಸದು ತನ್ನಿ. ತುಕ್ಕು ಹಿಡಿದ ಸೂಜಿಯನ್ನಂತೂ ತಿಕ್ಕುತ್ತ ಕೂರಬೇಡಿ, ಎಸೆಯಿರಿ. ಹೊಸ ಸೂಜಿ ಹಾಕುವಾಗ ಉದ್ದನೆಯ ಗೀರು ದಾರ ಪೋಣಿಸುವ ಕಡೆಗೆ, ಚಪ್ಪಟೆ ಭಾಗ ಅದರ ಎದುರು ಕಡೆಗೆ ಬರಬೇಕು.

ಪ್ರಶ್ನೆ: ತುಕ್ಕು ಬಿಡಿಸುವ ಸ್ಪ್ರೇ ಡಬ್ಬಿ ಮನೆಯಲ್ಲಿದೆ. ಎಣ್ಣೆಯ ಬದಲು ಅದನ್ನೇ ಹೊಡೆದರೆ?
(ಗೋಕಾಕದ ಓದುಗರೊಬ್ಬರು)

ಉತ್ತರ: ಬೇಡ. ಅದರ ಹೆಚ್ಚಿನ ಭಾಗ ಆರಿಹೋಗುವ ದ್ರವ. ಇದ್ದ ಎಣ್ಣೆಯನ್ನೂ ತೊಳೆದುಕೊಂಡು ಹೋಗುತ್ತದೆ. ಅಂಟಿದ ತಿರುಪು ಬಿಚ್ಚಲು ಬಳಸಿ, ಆಮೇಲೆ ಒರೆಸಿ ಮಷೀನ್ ಎಣ್ಣೆ ಹಾಕಿ.

ಪ್ರಶ್ನೆ: ಇಳಕಲ್ ಸೀರೆಗಳಿಗೆ ಫಾಲ್ ಹಚ್ಚಿ, ಖಣದ ಜಂಪರ್ ಹೊಲಿದು ಕೊಡುತ್ತೇನೆ. ಮಷೀನಿಗೆ ಎಣ್ಣೆ ಹಾಕಿದ ಮರುದಿನ ಗಿರಾಕಿಯ ಸೀರೆಯ ಸೆರಗಿಗೆ ಕಲೆ ಬಿತ್ತು. ಕಲೆ ಹೋಗಲು ಏನು ಮಾಡಲಿ? ಮತ್ತೆ ಆಗದಂತೆ ಏನು ಮಾಡಲಿ?
(ಇಳಕಲ್‌ನ ಓದುಗರೊಬ್ಬರು)

ಉತ್ತರ: ನೀರು ಹಚ್ಚಬೇಡಿ, ತಿಕ್ಕಬೇಡಿ. ಕಲೆಯ ಕೆಳಗೆ ಬಿಳಿ ಹತ್ತಿ ಬಟ್ಟೆ ಮಡಿಸಿಟ್ಟು, ಮೇಲಿನಿಂದ ಇನ್ನೊಂದು ಬಟ್ಟೆಯಿಂದ ಒತ್ತಿ ಒತ್ತಿ ಎಣ್ಣೆ ಹೀರಿಸಿ. ಆಮೇಲೆ ಟಾಲ್ಕಂ ಪೌಡರ್ ದಪ್ಪಗೆ ಹಾಕಿ ರಾತ್ರಿಯಿಡೀ ಬಿಡಿ, ಬೆಳಿಗ್ಗೆ ಮೃದು ಬ್ರಶ್‌ನಿಂದ ಝಾಡಿಸಿ. ಬೇಕಾದರೆ ಮತ್ತೊಮ್ಮೆ. ಹೊಸ ಎಣ್ಣೆ ತಿಳಿಯಾಗಿರುವುದರಿಂದ ಮೊದಲ ದಿನವೇ ಮಾಡಿದರೆ ಬಹಳಷ್ಟು ಹೋಗುತ್ತದೆ. ಕಲೆ ಕಪ್ಪಗಿದ್ದರೆ ಅದು ಎಣ್ಣೆಯೊಂದೇ ಅಲ್ಲ, ಮಷೀನಿನೊಳಗಿನ ಸವೆದ ಕಬ್ಬಿಣದ ಪುಡಿ. ರೇಷ್ಮೆ ಸೆರಗಾದರೆ ಡ್ರೈಕ್ಲೀನ್‌ಗೆ ಕೊಡಿ, ಇದು ಮಷೀನ್ ಎಣ್ಣೆ ಎಂದು ಅವರಿಗೆ ಹೇಳಿ. ಸೀರೆಯ ಒಡಲು ಹತ್ತಿಯದಾದರೆ, ಬಣ್ಣ ಬಿಡುವುದಿಲ್ಲವೆಂದು ಒಳ ಅಂಚಿನಲ್ಲಿ ಪರೀಕ್ಷಿಸಿ, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಚ್ಚಿ ತಣ್ಣೀರಲ್ಲಿ ತೊಳೆಯಬಹುದು. ಕಲೆ ಪೂರ್ತಿ ಹೋಗುವ ತನಕ ಇಸ್ತ್ರಿ ಮಾಡಬೇಡಿ, ಶಾಖಕ್ಕೆ ಕಲೆ ನೆಲೆ ನಿಲ್ಲುತ್ತದೆ.

ಗಿರಾಕಿ ಸೀರೆ ಹೊಲಿಯುವವರು ಬೆಳಿಗ್ಗೆ ಎಣ್ಣೆ ಹಾಕಬಾರದು. ಕೆಲಸ ಮುಗಿದ ಮೇಲೆ ಸಂಜೆ ಹಾಕಿ. ನಾಲ್ಕು ಮಡಿಕೆಯ ಹತ್ತಿ ಬಟ್ಟೆಯನ್ನು ಫೂಟಿನ ಕೆಳಗಿಟ್ಟು, ಸೂಜಿಯನ್ನು ಅದರೊಳಗೆ ಇಳಿಸಿ ರಾತ್ರಿ ಬಿಡಿ. ಸೂಜಿಯ ಕಡ್ಡಿಯಿಂದ ಇಳಿಯುವ ಎಣ್ಣೆಯನ್ನು ಆ ಬಟ್ಟೆ ಕುಡಿಯುತ್ತದೆ. ಬೆಳಿಗ್ಗೆ ಫೂಟಿನ ತಳ, ಸೂಜಿ ತಟ್ಟೆ, ದಾರ ಹಾಯುವ ಕೊಕ್ಕೆಗಳನ್ನು ಒರೆಸಿ, ಚೂರು ಬಟ್ಟೆಯ ಮೇಲೆ ಒಂದು ಗಜ ಹೊಲಿದು, ಮೊದಲ ಒಂದು ಮೀಟರ್ ದಾರವನ್ನು ಎಳೆದು ಕತ್ತರಿಸಿ ಎಸೆಯಿರಿ. ಎಷ್ಟೋ ಕಲೆಗಳು ಎಣ್ಣೆ ತಾಗಿದ ಈ ದಾರದಿಂದಲೇ ಬೀಳುತ್ತವೆ. ಖಣದ ಬಟ್ಟೆಗೂ ಇದೇ ಜಾಗ್ರತೆ, ಅದರ ಹೊಳಪಿನ ಮೇಲೆ ಒಂದು ಚುಕ್ಕೆ ಬಿದ್ದರೂ ಎದ್ದು ಕಾಣುತ್ತದೆ.

ಪ್ರಶ್ನೆ: ಅಂಗಡಿಗೆ ಜುಕಿ ಮಾದರಿಯ ಮೋಟಾರ್ ಮಷೀನ್ ತಂದಿದ್ದೇವೆ. ಇದಕ್ಕೂ ಮೇಲಿನಿಂದ ಹನಿ ಹನಿಯಾಗಿ ಎಣ್ಣೆ ಹಾಕಬೇಕೆ?
(ಬೆಳಗಾವಿ ಶಹಾಪುರದ ಓದುಗರೊಬ್ಬರು)

ಉತ್ತರ: ಇಲ್ಲ. ಅದರ ತಲೆಯ ಕೆಳಗೆ ಎಣ್ಣೆಯ ತಟ್ಟೆ ಇದೆ, ಪಂಪು ತಾನೇ ಮೇಲೆತ್ತುತ್ತದೆ. ತಟ್ಟೆಯಲ್ಲಿ ಎರಡು ಗೆರೆಗಳಿವೆ. ಎಣ್ಣೆ ಮೇಲಿನ ಗೆರೆ ದಾಟಬಾರದು, ಕೆಳಗಿನ ಗೆರೆಗಿಂತ ಇಳಿಯಬಾರದು. ಓಡಿಸುವಾಗ ಮೇಲಿನ ಗಾಜಿನ ಕಿಂಡಿಯಲ್ಲಿ ಎಣ್ಣೆ ಚಿಮ್ಮುವುದು ಕಾಣಲೇಬೇಕು. ಕಾಣದಿದ್ದರೆ ಆ ಕ್ಷಣವೇ ನಿಲ್ಲಿಸಿ, ನಿಮಿಷಕ್ಕೆ ನಾಲ್ಕೈದು ಸಾವಿರ ಹೊಲಿಗೆಯ ವೇಗದಲ್ಲಿ ಒಣ ಮಷೀನ್ ಸ್ವಲ್ಪ ಹೊತ್ತಿಗೇ ಹಿಡಿದುಕೊಳ್ಳುತ್ತದೆ. ತಟ್ಟೆಯ ತಳದಲ್ಲಿ ನೂಲಿನ ಧೂಳು ಕೂತು ಪಂಪಿನ ಜಾಲರಿ ಕಟ್ಟುತ್ತದೆ, ತಿಂಗಳಿಗೊಮ್ಮೆ ತಲೆ ಎತ್ತಿ ನೋಡಿ. ಎಣ್ಣೆ ಕಪ್ಪಾದರೆ ಪೂರ್ತಿ ತೆಗೆದು, ತಟ್ಟೆ ಒರೆಸಿ, ಹೊಸದು ತುಂಬಿ. ಕಪ್ಪಾದದ್ದರ ಮೇಲೆ ಹೊಸದು ಬೆರೆಸಬೇಡಿ. ಬಹಳ ದಿನ ನಿಂತ ಮಷೀನಾದರೆ ಶಟಲಿನ ಜಾಗದಲ್ಲಿ ಸುತ್ತುವ ಹೂಕ್‌ಗೆ ಕೈಯಿಂದ ಎರಡು ಹನಿ ಹಾಕಿ ಕಡಿಮೆ ವೇಗದಲ್ಲಿ ಶುರು ಮಾಡಿ.

ಪ್ರಶ್ನೆ: ಜಿಗ್‌ಜಾಗ್ ಮಾಡುವ ಪ್ಲಾಸ್ಟಿಕ್ ಮೈಯ ಮಷೀನ್, ಬಾಬಿನ್ ಮೇಲಿನಿಂದ ಹಾಕುವುದು. ಎಣ್ಣೆಯ ರಂಧ್ರವೇ ಕಾಣುತ್ತಿಲ್ಲ.
(ವಿಜಯಪುರ ಜಿಲ್ಲೆಯ ಸಿಂದಗಿಯ ಓದುಗರೊಬ್ಬರು)

ಉತ್ತರ: ರಂಧ್ರ ಇಲ್ಲದ್ದಕ್ಕೆ ಎಣ್ಣೆಯೂ ಬೇಡ. ಒಳಗೆ ನೈಲಾನ್ ಚಕ್ರಗಳಿಗೆ ಕಂಪನಿಯಲ್ಲೇ ಗ್ರೀಸ್ ಹಾಕಿರುತ್ತಾರೆ, ಎಣ್ಣೆ ಹಾಕಿದರೆ ಆ ಗ್ರೀಸ್ ತೊಳೆದುಹೋಗುತ್ತದೆ. ಸೂಜಿ ತಟ್ಟೆ ತೆಗೆದು, ಬಾಬಿನ್ ಕೂರುವ ಕಪ್ಪು ಬಟ್ಟಲನ್ನು ಎತ್ತಿ, ಕೆಳಗಿನ ಧೂಳು ಬ್ರಶ್‌ನಿಂದ ತೆಗೆಯಿರಿ. ಅಷ್ಟೇ. ಕೆಲವು ಮಾದರಿಗಳಲ್ಲಿ ಆ ಬಟ್ಟಲಿನ ಕೆಳಗೆ ನಡುವೆ ಸಣ್ಣ ಬತ್ತಿ ಇರುತ್ತದೆ. ಅದು ಒಣಗಿದ್ದರೆ ಒಂದೇ ಹನಿ, ಅದೂ ನಿಮ್ಮ ಮಷೀನಿನ ಪುಸ್ತಕದಲ್ಲಿ ಹಾಗೆ ಬರೆದಿದ್ದರೆ.

ಪ್ರಶ್ನೆ: ಅಜ್ಜಿಯ ಮಷೀನಿನ ಮೈಮೇಲೆ ಬಂಗಾರದ ಹೂಬಳ್ಳಿ ಇದೆ. ಸ್ಪಿರಿಟ್‌ನಿಂದ ಒರೆಸಿದೆವು, ಒಂದು ಕಡೆ ಹೂವು ಅಳಿಸಿಯೇ ಹೋಯಿತು. ಉಳಿದದ್ದನ್ನು ಹೇಗೆ ಕಾಪಾಡುವುದು?
(ಜಮಖಂಡಿಯ ಓದುಗರೊಬ್ಬರು)

ಉತ್ತರ: ಆ ಕಾಲದ ಮಷೀನುಗಳಲ್ಲಿ ಹೂಬಳ್ಳಿಯ ಮೇಲೆ ಅರಗಿನ ತೆಳು ಪದರ ಕೊಡುತ್ತಿದ್ದರು. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ, ಅದರ ಜೊತೆ ಬಂಗಾರದ ಬಣ್ಣವೂ ಬಂತು. ಅಳಿದದ್ದು ಮರಳುವುದಿಲ್ಲ, ಉಳಿದದ್ದು ಉಳಿಯುತ್ತದೆ. ಸ್ಪಿರಿಟ್, ಥಿನ್ನರ್, ಸೋಪು ಪುಡಿ, ಚಿಮಣಿ ಎಣ್ಣೆ ಯಾವುದನ್ನೂ ಹೂವಿನ ಮೇಲೆ ಹಾಕಬೇಡಿ. ಅರಳೆಗೆ ಮಷೀನ್ ಎಣ್ಣೆ ಎರಡು ಹನಿ ಹಾಕಿ, ಒಂದು ರೂಪಾಯಿ ನಾಣ್ಯದಷ್ಟು ಜಾಗವನ್ನು ಒಂದು ಸಲಕ್ಕೆ ದುಂಡಗೆ, ಒತ್ತದೆ ಸವರಿ. ಅರಳೆಗೆ ಕಂದು ಬಣ್ಣ ಬಂದರೆ ಅದು ಕೊಳೆ, ಮುಂದುವರಿಸಿ. ಮಿನುಗುವ ಹಳದಿ ಬಂದರೆ ಅದು ಹೂವೇ, ಅಲ್ಲಿಗೆ ಕೈ ಎತ್ತಿ.